ಸಂಪುಟದ ಗುಟ್ಟು ಅಡುಗೆಮನೆಯಲ್ಲಿ

ಸರ್ಕಾರಗಳು ಗುಟ್ಟನ್ನು ಹೇಗೆ ಕಾಪಾಡುತ್ತವೆ ಎಂಬುದರ ಮೇಲೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ತಲೆ ನರೆಸಿಕೊಂಡವನು ನಾನು. (ನರೆಯದೆ ಉಳಿದದ್ದು ಉದುರಿದೆ.) ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಅಭಿಪ್ರಾಯ, ಮನೆಯಲ್ಲಿ ಅದಕ್ಕೆ ಬಹುಮತವಿಲ್ಲ.

ನನ್ನ ಪುಸ್ತಕ ಒಂದು ಅಧ್ಯಾಯಕ್ಕಾಗಿ ಬಾಯಿ ಬಿಟ್ಟುಕೊಂಡು ಕೂತಿತ್ತು. ಹಿಂದೊಮ್ಮೆ ಮಂತ್ರಿಗಳೆಲ್ಲ ನಗುನಗುತ್ತ ಸಂಪುಟ ಸಭೆಗೆ ಹೋಗಿದ್ದರು. ಹೊರಬರುವಷ್ಟರಲ್ಲಿ ಸರ್ಕಾರವೇ ಇರಲಿಲ್ಲ. ಒಳಗೆ ನಡೆದದ್ದೇನು? ಬಲ್ಲವರಲ್ಲಿ ಉಳಿದಿರುವವರು ಒಬ್ಬರೇ, ಅಂದು ಸಭೆಯಲ್ಲಿದ್ದ ನಿವೃತ್ತ ಕಾರ್ಯದರ್ಶಿಗಳು. ಪತ್ರಕರ್ತರು ಅವರ ಮನೆಗೆ ಅಲೆದು ಚಪ್ಪಲಿ ಸವೆಸಿದ್ದರು. ನನಗೊಂದು ದಿವ್ಯ ಉಪಾಯ ಹೊಳೆಯಿತು: ಅವರನ್ನು ಮನೆಗೇ ಚಹಾಕ್ಕೆ ಕರೆದು, ನನ್ನ ಒಂದೆರಡು ಗುಟ್ಟನ್ನು ಮೊದಲು ಬಿಟ್ಟುಕೊಡುವುದು. ಸಂಕೋಚ ಕಳೆದರೆ ಅವರೂ ಬಾಯಿ ಬಿಡುತ್ತಾರೆ.

ಹೆಂಡತಿಗೆ ಅತಿಥಿ ಬರುತ್ತಾರೆ ಎಂದಷ್ಟೇ ಹೇಳಿದೆ. ಯೋಜನೆ ಹೇಳಿದರೆ ಅದು ಯೋಜನೆಯಾಗಿ ಉಳಿಯುವುದಿಲ್ಲ.

ಕಾರ್ಯದರ್ಶಿಗಳು ಬಂದರು, ಕೂತರು, ಗೋಡೆ ನೋಡಿದರು. ಕುಲಪತಿಗಳ ಭಾಷಣ ಬರೆದುಕೊಡುವವನು ನಾನೇ ಎಂದು ಹೇಳಿದೆ. ಅವರು "ಹೂಂ" ಅಂದರು. ನಮ್ಮ ವಿಭಾಗದ ಮುಖ್ಯಸ್ಥರ ಕೂದಲು ಅವರದಲ್ಲ ಎಂದೂ ಹೇಳಿದೆ. ಮತ್ತೆ "ಹೂಂ." ಅವರ ಮೌನ ದೊಡ್ಡ ಗುಂಡಿಯಂತೆ ಬಾಯಿ ತೆರೆದಿತ್ತು, ನಾನು ಮಣ್ಣು ತುಂಬುತ್ತಲೇ ಹೋದೆ. ಕೊನೆಗೆ ಮಣ್ಣು ಸಾಲದೆ ಹೆಂಡತಿಯನ್ನೇ ಎತ್ತಿ ಹಾಕಿದೆ.

"ಇದನ್ನೆಲ್ಲ ನನ್ನ ಹೆಂಡತಿಗೆ ಹೇಳೋದೇ ಇಲ್ಲ ಸಾರ್. ಅವಳ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ."

ಅವಳು ಚಹಾದ ತಟ್ಟೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಮುಖದ ಒಂದು ಗೆರೆಯೂ ಕದಲಲಿಲ್ಲ. ಅತಿಥಿಗೆ ಸಕ್ಕರೆ ಎಷ್ಟೆಂದು ಕೇಳಿ, ಕಲಕಿಕೊಟ್ಟು, ಒಳಗೆ ಹೋದಳು. ಕಾರ್ಯದರ್ಶಿಗಳು ಅವಳು ಹೋದ ಬಾಗಿಲನ್ನೇ ನೋಡುತ್ತ ಚಹಾ ಮುಗಿಸಿ, ಒಂದು ಟ್ಯಾಕ್ಸಿ ತರಿಸಬಹುದೇ ಎಂದರು.

ನಾನು ಬೀದಿ ತುದಿಯಿಂದ ಟ್ಯಾಕ್ಸಿ ತರುವಷ್ಟರಲ್ಲಿ ಆ ಮಹಾಮೌನಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಹೆಂಡತಿ ಹೊಟ್ಟೆ ಹಿಡಿದುಕೊಂಡಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಗಂಭೀರರಾದರು.

"ಎಷ್ಟೋ ವರ್ಷದ ಭಾರ ಇಳೀತು ತಾಯಿ. ನಿಮ್ಮಲ್ಲೇ ಇರಲಿ," ಎಂದು ಅವರು ಹೊರಟರು.

ಬಾಗಿಲು ಹಾಕಿದ್ದೇ ತಡ, ಅವಳ ಬೆನ್ನು ಹತ್ತಿದೆ. ಆ ಸಭೆಯ ವಿಷಯ ಹೇಳಿದರೇ ಎಂದು ಕೇಳಿದ್ದಕ್ಕೆ, ಮೊದಲಿಂದ ಕೊನೆಯವರೆಗೂ ಹೇಳಿದರು ಎಂದಳು.

"ಹಾಗಾದ್ರೆ ಹೇಳೇ."

"ಮಾತು ಕೊಟ್ಟಿದ್ದೀನಲ್ಲ, ರೀ."

ಅವಳ ಮನಸ್ಸು ಕರಗಲಿ ಎಂದು ಮರುದಿನ ಪಾತ್ರೆ ತೊಳೆಯುವ ಖಾತೆ ವಹಿಸಿಕೊಂಡೆ. ಆಮೇಲೆ ಬಟ್ಟೆಯ ಖಾತೆ, ಕಸದ ಖಾತೆ. (ಯಾವ ಮುಖ್ಯಮಂತ್ರಿಗೂ ಇಷ್ಟು ಖಾತೆಗಳಿರಲಿಕ್ಕಿಲ್ಲ, ಅಧಿಕಾರ ಮಾತ್ರ ಇಲ್ಲ.) ನಾನು ಪಾತ್ರೆ ಉಜ್ಜುವಾಗ ಅವಳು ಒಮ್ಮೊಮ್ಮೆ ಒಬ್ಬಳೇ ನಗುತ್ತಾಳೆ. ಸರ್ಕಾರ ಬಿದ್ದದ್ದು ನಗೆಪಾಟಲಿನ ಕಾರಣಕ್ಕೆ ಎಂಬಷ್ಟೇ ಈವರೆಗೆ ಸಂಶೋಧನೆಗೆ ದಕ್ಕಿದ ಸತ್ಯ.

ನಿನ್ನೆ ಸಂಜೆ ಅವಳೇ ಬಂದು ಪಕ್ಕದಲ್ಲಿ ಕೂತಳು. ಒಂದು ಗುಟ್ಟು ಹೇಳಬೇಕು ಎಂದಳು. ಪೆನ್ನು ತೆಗೆದೆ.

"ಅಮ್ಮ ನಾಳೆ ಬೆಳಿಗ್ಗೆ ಬರ್ತಾರೆ. ಮೂರು ತಿಂಗಳು ಇರ್ತಾರೆ. ಟಿಕೆಟ್ ತೆಗೆದು ಬಹಳ ದಿನ ಆಯ್ತು. ಮೊದಲೇ ಹೇಳಿದ್ರೆ ನೀವು ಎಲ್ಲಾದ್ರೂ ಒಂದು ವಿಚಾರ ಸಂಕಿರಣ ಹುಟ್ಟಿಸ್ಕೊಂಡು ಊರು ಬಿಟ್ಬಿಡ್ತಿದ್ರಿ."

ಪೆನ್ನಿನ ಮುಚ್ಚಳ ಹಾಕಿ, ಅತ್ತೆಯವರಿಗಾಗಿ ನನ್ನ ಓದುವ ಕೋಣೆ ಖಾಲಿ ಮಾಡಲು ಎದ್ದೆ.