ಈ ಹಲ್ಲು ಯಾರ ಕಡೆಯದು?

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ಹಾಲು ಅಳೆಯುವಾಗ ನಾನು ಹಾಲನ್ನು ನೋಡುವುದಿಲ್ಲ, ಮಾಪಿನೊಳಗೆ ಇಳಿದ ಅವನ ಹೆಬ್ಬೆರಳನ್ನು ನೋಡುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್, "ಟ್ರಸ್ಟ್, ಚೈಲ್ಡ್, ಟ್ರಸ್ಟ್!" ಎಂದು ತಿದ್ದಿ ತಿದ್ದಿ ಸೋತಿದ್ದರು. ಅಂಥವಳ ದವಡೆಯ ಎಲುಬಿಗೆ ಸ್ಕ್ರೂ ಹಾಕಿ ಕೂಡಿಸಿದ ಇಂಪ್ಲಾಂಟ್ ಹಲ್ಲು ಕೆಲವೇ ತಿಂಗಳಲ್ಲಿ ಅಲ್ಲಾಡತೊಡಗಿದರೆ ಸುಮ್ಮನಿರಲಾದೀತೆ? ಮೊದಲು ಸ್ಕ್ರೂ ಮೇಲೆ, ಆಮೇಲೆ ಡಾಕ್ಟರ ಮೇಲೆ ಸಂಶಯಪಟ್ಟೆ. ಜಮಖಂಡಿಯ ಆ ಹುಡುಗ ಡಾಕ್ಟರು ಮಾತ್ರ ವೆರಿ ಪೊಲೈಟ್. "ಶುಗರ್ ಇಲ್ಲ, ಕೀವು ಇಲ್ಲ. ಕೆಲವರ ಎಲುಬು ಸ್ಕ್ರೂನ ಹಿಡ್ಕೊಳ್ಳಂಗಿಲ್ರೀ ಅಮ್ಮಾರ. ಜೆನೆಟಿಕ್ ಇರಬಹುದು, ಖಾತ್ರಿ ಹೇಳಾಕ ಬರೂದಿಲ್ಲ. ಮನ್ಯಾಗ ಯಾರದಾರ ಹಲ್ಲು ಲಗೂನ ಬಿದ್ದಿದ್ದುವೇನ್ರೀ?" ಎಂದರು.

ಇದು ನನ್ನೊಬ್ಬಳ ಹಲ್ಲಿನ ಮಾತಾಗಿದ್ದರೆ ಬಿಡುತ್ತಿದ್ದೆ. ಬನಹಟ್ಟಿಯಲ್ಲಿ ಟೀಚರ್ ಆಗಿರುವ ಮಗಳು ಸುನಂದಾಗೂ ಒಂದು ದವಡೆ ಹಲ್ಲು ಹೋಗಿದೆ. "ಮಮ್ಮಿ, ನಿಂದು ಗಟ್ಟಿ ಕುಂತ್ರ ನಾನೂ ಹಾಕಿಸ್ತೀನಿ" ಎಂದು ಅವಳು ಕಾಯುತ್ತಿದ್ದಳು. ಹಾಗಾಗಿ ದೋಷ ಯಾರ ಕಡೆಯಿಂದ ಬಂತೆಂಬುದು ಗೊತ್ತಾಗಲೇಬೇಕಿತ್ತು.

ಮೊದಲ ಆರೋಪಿ, ಅಪ್ಪನ ಕಡೆಯವರು. ಮುಧೋಳದಲ್ಲಿರುವ ಸೋದರತ್ತೆಯನ್ನು ನೋಡಲು ಹೋದೆ. ತೊಂಬತ್ತರ ಮುದುಕಿ ಅಂಗಳದಲ್ಲಿ ಕೂತು ಕಬ್ಬನ್ನು ಹಲ್ಲಿನಿಂದಲೇ ಸಿಗಿಯುತ್ತಿದ್ದಳು! "ನಮ್ಮ ಮನಿತನದ ಹಲ್ಲು ಸುಡಗಾಡಿನ ತನಕ ಬರತಾವ ಬೇ. ನಿಮ್ಮವ್ವಂದು ನೋಡಿದ್ದಿಲ್ಲೇನು? ನಲವತ್ತಕ್ಕ ಬಾಯಿ ಬೋಳಾಗಿತ್ತು" ಎಂದು ಸಿಪ್ಪೆ ಉಗುಳಿದಳು. ಪಾಪ, ಅವ್ವ ಸೆರಗು ಬಾಯಿಗಿಟ್ಟೇ ನಗುತ್ತಿದ್ದಳು. ಅದನ್ನು ನಾನು ನಾಚಿಕೆಯೆಂದೇ ತಿಳಿದಿದ್ದೆ.

ಅಂದರೆ ಅವ್ವನ ಕಡೆ. ಇಲ್ಲೊಂದು ತೊಡಕಿದೆ. ನನ್ನನ್ನು ಕೊಟ್ಟಿರುವುದು ಸೋದರಮಾವನಿಗೇ, ಅವ್ವನ ಸ್ವಂತ ತಮ್ಮನಿಗೆ. ಲಂಗ ಉಟ್ಟು "ಮಾಮಾ" ಎನ್ನುತ್ತಿದ್ದವಳು ಸೀರೆ ಉಟ್ಟು "ರೀ" ಎಂದೆ, ಅಷ್ಟೇ. ವಿಷಯ ಹೇಳಿದರೆ ಈ ಮನುಷ್ಯ ಕಟಕಟ ಎಂದು ಖಡಕ್ ರೊಟ್ಟಿ ಮುರಿದು, "ನೋಡ, ನನ್ನ ಹಲ್ಲು ನೋಡ! ನಮ್ಮ ಮನಿತನಕ್ಕ ಯಾಕ ಹೆಸರಿಡ್ತಿ?" ಎಂದು ಬಾಯಿ ತೆರೆದು ತೋರಿಸಿದರು. ನನಗೆ ನಂಬಿಕೆ ಬರಲಿಲ್ಲ. ಮರುದಿನವೇ ಅವರನ್ನು ಎವಿಡೆನ್ಸ್ ಎಂದು ಡಾಕ್ಟರ ಕುರ್ಚಿಯಲ್ಲಿ ಕೂಡಿಸಿದೆ. ಸುನಂದಾ ಬಾಗಿಲಿಗೆ ಒರಗಿ ನಿಂತಿದ್ದಳು.

ಡಾಕ್ಟರು ಕನ್ನಡಿ ಹಾಕಿ ತಟ್ಟಿ ನೋಡಿದರು. "ಸಾಹೇಬ್ರ, ಮುಂದಿನವು ಛಲೋ ಅದಾವ. ಹಿಂದಿನ ಮೂರು ಅಲ್ಲಾಡಾಕತ್ತಾವಲ್ರೀ. ಎಲುಬು ಕರಗೇತಿ. ಹೇಳಿಲ್ಲೇನು ಮನ್ಯಾಗ?"

ಕೇಸ್ ಗೆದ್ದೆ! ಐವತ್ತು ವರ್ಷಗಳ ಸಂಸಾರದಲ್ಲಿ ಇಂಥ ಸುಖ ಕಂಡಿರಲಿಲ್ಲ. ಬಾಯೊಳಗೆ ಕನ್ನಡಿ ಇದ್ದುದರಿಂದ ಇವರು ಬರೀ "ಆಂ… ಆಂ…" ಎನ್ನುತ್ತಿದ್ದರು. ನಾನು ಮಗಳ ಕಡೆ ತಿರುಗಿ, "ನೋಡ್ದೇನ ಸುನಂದಾ? ಪ್ರೂವ್ ಆತು. ಎಲ್ಲಾ ನಿಮ್ಮಪ್ಪನ ಕಡೀದು!" ಎಂದೆ.

ಅವಳು ನಗಲಿಲ್ಲ. ನಾಲಿಗೆಯಿಂದ ತನ್ನ ಖಾಲಿ ಜಾಗವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. "ಅಪ್ಪನ ಕಡೆ, ನಿನ್ನ ಕಡೆ ಅಂತ ನಮ್ಮನ್ಯಾಗ ಎರಡ ಅದಾವೇನ್ ಮಮ್ಮಿ? ನೀವಿಬ್ಬರೂ ಒಂದ ಬುಟ್ಟಿಯೊಳಗಿಂದ ತಂದು ನನ್ನ ಬಾಯಾಗ ಹಾಕೀರಿ" ಎಂದವಳು ಡಾಕ್ಟರಿಗೆ, "ನನ್ನ ಇಂಪ್ಲಾಂಟ್ ಸದ್ಯಕ್ಕ ಬ್ಯಾಡ್ರೀ ಸರ್, ಮೊದಲ ನನ್ನ ಎಲುಬು ನೋಡ್ರೀ" ಎಂದಳು.

ನಾನು ಮಗಳಿಗೆ "ಸಾರಿ" ಎನ್ನಲು ಬಾಯಿ ತೆರೆದೆ. ಡಾಕ್ಟರು ಕೂಡಲೇ ಲೈಟನ್ನು ನನ್ನ ಕಡೆ ತಿರುಗಿಸಿದರು.