ಕಟಕಟೆಯಲ್ಲಿ ನಗಿಸಿದ ಪಾಪ

ವಕೀಲರು ಒಬ್ಬರ ಕಾಲನ್ನೊಬ್ಬರು ಎಳೆಯುವ ಆ ಹಾಸ್ಯ ಧಾರಾವಾಹಿ ಟೀವಿಯಲ್ಲಿ ಶುರುವಾಯಿತೆಂದರೆ ನನಗೆ ಹಿತ್ತಲಿನ ಕೆಲಸ ನೆನಪಾಗುತ್ತದೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿರುವಾಗ ನಾನು ಬೆಳಿಗ್ಗೆ ನೀರು ಹಾಕಿದ ಗಿಡಕ್ಕೇ ಮತ್ತೆ ನೀರು ಹಾಕುತ್ತಿರುತ್ತೇನೆ. ಅಪ್ಪನಿಗೆ ಹಾಸ್ಯವೆಂದರೆ ಆಗದು ಎಂಬುದು ಮಗಳ ತೀರ್ಪು. ಆಗುತ್ತಿತ್ತು, ಅತಿಯಾಗಿ ಆಗುತ್ತಿತ್ತು, ಅದೇ ತಪ್ಪಾಯಿತು ಎಂದು ಅವಳಿಗೆ ಹೇಗೆ ಹೇಳಲಿ? ನಿಮಗೆ ಹೇಳುತ್ತೇನೆ. ನೀವು ನನ್ನ ಮುಖ ನೋಡುವವರಲ್ಲವಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಟೀವಿಯ ವಿಷಯ ಪತ್ರಿಕೆಯಲ್ಲಿ ಓದಿ ಗೊತ್ತಿತ್ತೇ ಹೊರತು ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ನಮಗಿದ್ದದ್ದು ರೇಡಿಯೋ. ಅದರಲ್ಲಿ ಭಾನುವಾರ ಭಾನುವಾರ ಕೋರ್ಟಿನ ಹಾಸ್ಯ ನಾಟಕವೊಂದು ಬರುತ್ತಿತ್ತು. ಪ್ರತಿ ವಾರವೂ ಒಬ್ಬ ಹಳ್ಳಿಯ ಸಾಕ್ಷಿ ಕಟಕಟೆ ಹತ್ತಿ, ಪಟ್ಟಣದ ವಕೀಲನಿಗೆ ಮಾತಿನಲ್ಲೇ ನೀರು ಕುಡಿಸುತ್ತಿದ್ದ. ನಾಟಕ ಮುಗಿದರೂ ಊರು ಅದನ್ನು ಮುಗಿಸುತ್ತಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಗಟ್ಟಿ ಎಂದರೆ ಮಾಣಿ “ಅಬ್ಜೆಕ್ಷನ್ ಸ್ವಾಮಿ” ಎನ್ನುತ್ತಿದ್ದ. ನಮ್ಮಾಕೆ ಸೌಟು ಹಿಡಿದು, “ಉಪ್ಪು ತಂದ್ರೋ ಇಲ್ವೋ? ಹೌದು, ಇಲ್ಲ, ಅಷ್ಟೇ ಹೇಳ್ರಿ” ಎಂದು ಪಾಟೀಸವಾಲು ಶುರುಮಾಡುತ್ತಿದ್ದಳು. ಎಮ್ಮೆಗೆ ಸೂಜಿ ಚುಚ್ಚಿಸಲು ಹೆದರಿದ ರೈತನೊಬ್ಬ ನನ್ನ ಹತ್ತಿರ ವಾಯಿದೆ ಕೇಳಿದ್ದುಂಟು. ಆ ಸಾಕ್ಷಿಯ ದನಿಯನ್ನು ಹೋಟೆಲಿನ ಬೆಂಚಿನ ಮೇಲೆ ಕೂತು ಅನುಕರಿಸುವವರಲ್ಲಿ ನಾನೇ ಮೊದಲಿಗ. ಮನುಷ್ಯರು ನಕ್ಕರೆ ನನಗೆ ಹೊಟ್ಟೆ ತುಂಬುತ್ತಿತ್ತು. ಇಡೀ ದಿನ ದನಗಳ ನಡುವೆ ಇದ್ದವನಿಗೆ ಆ ಹಸಿವು ಸ್ವಲ್ಪ ಹೆಚ್ಚೇ ಇರುತ್ತದೆ.

ತಾಳ್ಯದ ಕಡೆಯ ಈರಣ್ಣ ಕುರಿ ಸಾಕುವವನು. ಅವನ ಮಂದೆಗೆಲ್ಲ ಒಂದೇ ಬೀಜದ ಟಗರು, ಮಗನಂತೆ ಬೆಳೆಸಿದ್ದ. ಅದಕ್ಕೊಮ್ಮೆ ಬೇಲಿಯ ತಂತಿ ತಗುಲಿ ತೊಡೆ ಸೀಳಿದಾಗ, ರಜೆಯ ದಿನ ನಮ್ಮ ಮನೆಯ ಮುಂದೆಯೇ ಮಲಗಿಸಿ ನಾನು ಹೊಲಿಗೆ ಹಾಕಿದ್ದೆ. ಏಳು ಹೊಲಿಗೆ. ರಜೆಯಾದ್ದರಿಂದ ರಿಜಿಸ್ಟರಿಗೆ ಏರಿಸಿರಲಿಲ್ಲ. ಆಮೇಲೆ ಆ ಟಗರು ಕಳುವಾಯಿತು. ಕೆಲವು ತಿಂಗಳ ಮೇಲೆ ರಾಮಗಿರಿಯ ಹತ್ತಿರ ಇನ್ನೊಬ್ಬನ ಮಂದೆಯಲ್ಲಿ ಸಿಕ್ಕಿತು. ಈರಣ್ಣ ಕಿವಿಯಲ್ಲಿ ಕೊಯ್ದಿದ್ದ ಗುರುತಿನ ಮೇಲೆ ಯಾರೋ ಇನ್ನೊಂದು ಗುರುತು ಕೊಯ್ದಿದ್ದರು. ಉಳಿದಿದ್ದದ್ದು ತೊಡೆಯ ಮೇಲಿನ ಏಳು ಹೊಲಿಗೆಯ ಕಲೆ ಒಂದೇ. ಈರಣ್ಣನನ್ನು ಬಿಟ್ಟರೆ ಆ ಕಲೆ ಬಲ್ಲವನು ನಾನೊಬ್ಬನೇ; ಕೇಸು ಕೋರ್ಟಿಗೆ ಹೋದಾಗ ಸಾಕ್ಷಿಯೂ ನಾನೇ.

ಕೋರ್ಟಿನ ಜಗುಲಿಯಲ್ಲಿ ಸರ್ಕಾರಿ ವಕೀಲರು ನನಗೆ ತಿಳಿಹೇಳಿದರು: “ಕೇಳಿದ್ದಕ್ಕಷ್ಟೇ ಉತ್ತರ ಕೊಡ್ರಿ. ಏಳು ಹೊಲಿಗೆ ಅನ್ನೋದು ಮಾತ್ರ ಬಿಡಬ್ಯಾಡ್ರಿ. ಕೇಸು ನಿಂತಿರೋದೇ ಅದರ ಮ್ಯಾಲೆ.” ನಾನು ತಲೆಯಾಡಿಸಿದೆ. ಒಳಗೆ ಹೋಗಿ ನೋಡಿದರೆ ಬೆಂಚುಗಳ ತುಂಬ ಜನ. ಹೋಟೆಲಿನ ನನ್ನ ಅಭಿಮಾನಿಗಳೂ ಬಂದಿದ್ದರು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು.

ಎದುರು ವಕೀಲರು ವಯಸ್ಸಾದವರು, ಮೆಲುದನಿಯವರು. “ಕುರಿ ಎಲ್ಲಾ ಒಂದೇ ಥರ ಇರ್ತಾವಲ್ರಿ, ಇದೇ ಅಂತ ಹೆಂಗೆ ಗುರುತು ಹಿಡಿದ್ರಿ?” ಎಂದರು. ನನ್ನ ಗಂಟಲಲ್ಲಿ ರೇಡಿಯೋ ಹತ್ತಿಕೊಂಡಿತು. “ವಕೀಲರೂ ಎಲ್ಲಾ ಒಂದೇ ಕರೀ ಕೋಟು ಹಾಕ್ಕಂಡಿರ್ತೀರಿ ಸ್ವಾಮಿ. ನಾನು ನಿಮ್ಮನ್ನ ಗುರುತು ಹಿಡೀಲಿಲ್ವಾ?” ಎಂದೆ. ಬೆಂಚುಗಳು ಗೊಳ್ಳೆಂದವು. ನ್ಯಾಯಾಧೀಶರ ಮೀಸೆಯ ಕೆಳಗೂ ಏನೋ ಅಲುಗಿತು. ಆ ವಕೀಲರೂ ನಕ್ಕರು. ನಕ್ಕು, ಅದೇ ಮೆಲುದನಿಯಲ್ಲಿ, “ಆಗಲಿ. ಎಷ್ಟು ಹೊಲಿಗೆ ಹಾಕಿದ್ರಿ?” ಎಂದರು.

ಏಳು. ನಾಲಿಗೆಯ ಮೇಲೇ ಇತ್ತು. ಆದರೆ ಏಳು ಎಂದರೆ ಯಾರು ನಗುತ್ತಾರೆ? “ನಾನೇನು ಟೈಲರ್ರಾ ಸ್ವಾಮಿ, ಹೊಲಿಗೆ ಎಣಿಸಾಕೆ?” ಎಂದುಬಿಟ್ಟೆ.

ಮೊದಲಿಗಿಂತ ಜೋರು ನಗೆ. ಅದರಲ್ಲಿ ನಗದೇ ಇದ್ದವರು ಇಬ್ಬರೇ, ಸರ್ಕಾರಿ ವಕೀಲರು ಮತ್ತು ಬಾಗಿಲ ಬಳಿ ಟವೆಲ್ಲು ಹಿಡಿದು ನಿಂತಿದ್ದ ಈರಣ್ಣ. ನ್ಯಾಯಾಧೀಶರು ಟೈಪಿಸ್ಟನ ಕಡೆ ತಿರುಗಿ ಹೇಳಿ ಬರೆಸಿದರು: “ಎಷ್ಟು ಹೊಲಿಗೆ ಹಾಕಿದ್ದೆನೆಂಬುದು ನನಗೆ ಗೊತ್ತಿಲ್ಲ.” ಅಷ್ಟೇ. ಕೋರ್ಟಿನ ಕಾಗದದಲ್ಲಿ ನಗೆಯನ್ನು ಬರೆದುಕೊಳ್ಳುವುದಿಲ್ಲವೆಂದು ರೇಡಿಯೋದವರು ನಮಗೆ ಹೇಳಿರಲಿಲ್ಲ.

ಆದರೂ ದಾರಿಯಿತ್ತು. ಹೇಳಿಕೆಯನ್ನು ಓದಿ ಹೇಳಿ, “ಸರಿಯಾಗಿದೆಯೇ?” ಎಂದು ಕೇಳಿಯೇ ಸಹಿ ಹಾಕಿಸುವುದು. ಕೇಳಿದರು. “ಇಲ್ಲ ಸ್ವಾಮಿ, ಏಳು ಹೊಲಿಗೆ, ತಮಾಷೆಗೆ ಹಾಗೆಂದೆ” ಎನ್ನಬೇಕಿತ್ತು. ಹಾಗೆನ್ನುವುದೆಂದರೆ ನಾನು ಕೋಡಂಗಿಯೆಂದು ಅಷ್ಟು ಜನರ ಮುಂದೆ ಒಪ್ಪಿಕೊಂಡಂತೆ. ಬೆಂಚಿನವರು ಇನ್ನೂ ನಗುಮುಖದಲ್ಲೇ ನನ್ನನ್ನು ನೋಡುತ್ತಿದ್ದರು. “ಸರಿಯಾಗಿದೆ” ಎಂದು ಸಹಿ ಹಾಕಿದೆ. ಆ ಸಹಿಯಷ್ಟು ದುಂಡಾದ ಸಹಿಯನ್ನು ನಾನು ಮತ್ತೆಂದೂ ಹಾಕಿಲ್ಲ.

ಅನುಮಾನದ ಲಾಭ ಎದುರಿನವನಿಗೆ ಸಿಕ್ಕಿತು, ಟಗರೂ ಅವನಿಗೇ ಸಿಕ್ಕಿತು. ಅವತ್ತು ಹೋಟೆಲಿನಲ್ಲಿ ಅಭಿಮಾನಿಗಳು ಕೊಡಿಸಿದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಈರಣ್ಣ ಬಂದು ಬೈಯುತ್ತಾನೆಂದು ತಿಂಗಳುಗಟ್ಟಲೆ ಕಾದೆ. ನಿಜಕ್ಕೂ ಕಾದೆ, ಬೈಸಿಕೊಂಡರೆ ಹಗುರಾಗಬಹುದೆಂದು. ಕೊನೆಗೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಬಂದ, ಹೆಗಲ ಮೇಲೆ ಕಾಲು ಹರಿದುಕೊಂಡ ಮರಿ ಟಗರು. ನಾನೇ ಬಾಯಿ ಬಿಟ್ಟೆ: “ಈರಣ್ಣ, ಅವತ್ತು ಕೋರ್ಟಲ್ಲಿ ನಾನು...”

“ಬಿಡ್ರಿ ಸಾರ್” ಎಂದ. “ದಿನಾ ನೂರು ಕುರಿ ನೋಡೋರು ನೀವು. ಮರವು ಯಾರಿಗಿಲ್ಲ? ನನಗೋಸ್ಕರ ಸುಳ್ಳು ಹೇಳದೆ, ಗೊತ್ತಿಲ್ಲದ್ದು ಗೊತ್ತಿಲ್ಲ ಅಂದ್ರಲ್ಲ, ಅದು ದೊಡ್ಡದು.”

ನಾನು ಸೂಜಿಗೆ ದಾರ ಪೋಣಿಸಿ ತಲೆ ತಗ್ಗಿಸಿ ಹೊಲಿಯತೊಡಗಿದೆ. ಈರಣ್ಣ ಮರಿಯ ಕಾಲನ್ನು ಅದುಮಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ನೀವು ಹೊಲೀರಿ ಸಾರ್” ಎಂದ, ಪಾಪ, ಬಹಳ ಮರ್ಯಾದೆಯಿಂದ. “ಎಣಿಸೋದು ನನಗಿರಲಿ.”

ಐದಕ್ಕೆ ಮುಗಿಯುವ ಗಾಯ. ಒಂಬತ್ತು ಹೊಲಿಗೆ ಹಾಕಿದೆ. ಒಂದನ್ನೂ ಬಿಡದೆ ಅವನು ಗಟ್ಟಿಯಾಗಿ ಎಣಿಸಿದ.