ಚಿಕ್ಕಮ್ಮನ ದನಿ ನುಂಗಿದ ಕೇಬಲ್

ಹೆಡ್‌ಫೋನಿನ ಜೊತೆ ಕಂಪನಿಯವರು ಕೊಟ್ಟ ವೈರನ್ನು ಚಿಕ್ಕಪ್ಪ ವೈರೆಂದು ಒಪ್ಪಿಕೊಳ್ಳಲೇ ಇಲ್ಲ. ಅದು ಅವನ ಕಿವಿಗಳಿಗೆ ಆದ ಘೋರ ಅವಮಾನ. "ಇಷ್ಟು ಒಳ್ಳೆ ಹೆಡ್‌ಫೋನಿಗೆ ಇಂಥಾ ಹುರಿ ಕಟ್ಟಿ ಕೊಟ್ಟಿದ್ದಾರಲ್ಲ, ಪಟ್ಟದಾನೆಗೆ ಗೋಣಿಚೀಲ ಹೊದಿಸಿದ ಹಾಗೆ" ಎಂದು ಮನೆಯಲ್ಲಿ ಸಿಕ್ಕಸಿಕ್ಕವರ ಹತ್ತಿರವೆಲ್ಲ ದೂರಿದ. ಸಿಕ್ಕಸಿಕ್ಕವರು ಅಂದರೆ ಇಬ್ಬರೇ. ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಚಿಕ್ಕಮ್ಮ ಪರೀಕ್ಷೆ ಪೇಪರು ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ ಕೇಳಿದಳು, "ಹಾಡು ಕೇಳ್ಸುತ್ತೋ ಇಲ್ವೋ?"

"ಕೇಳ್ಸುತ್ತಮ್ಮ. ಆದ್ರೆ ಕಿಷ್ಕಿಂಧೆ ಕಣಮ್ಮ. ಎಲ್ಲರೂ ಒಂದೇ ರೂಮಲ್ಲಿ ಇಕ್ಕಟ್ಟಾಗಿ ಕೂತು ಬಾರಿಸಿದ ಹಾಗಿದೆ."

"ಒಂದೇ ರೂಮಲ್ಲಿ ಕೂತೇ ಬಾರಿಸಿರ್ತಾರೆ ಕಣೋ. ಬೀದಿ ತುಂಬ ನಿಲ್ಲಿಸ್ತಾರಾ?"

ಇಂಥವರ ಜೊತೆ ವಾದ ಮಾಡಿ ಏನು ಪ್ರಯೋಜನ? ಚಿಕ್ಕಪ್ಪ ಕನ್ನಡಕದಂಗಡಿ ಇಟ್ಟಿದ್ದಾನೆ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಈಗ ಚೆನ್ನಾಗಿದೆಯಾ, ಮೊದಲಿಂದು ಚೆನ್ನಾಗಿತ್ತಾ?" ಎಂದು ಕೇಳೀ ಕೇಳೀ, ಲೋಕದಲ್ಲಿ ಇರುವ ಪ್ರತಿಯೊಂದಕ್ಕೂ ಅದಕ್ಕಿಂತ ಸ್ಪಷ್ಟವಾದ ಇನ್ನೊಂದು ಇದ್ದೇ ಇರುತ್ತದೆ ಎಂಬ ನಂಬಿಕೆ ಅವನ ತಲೆಗೇರಿಬಿಟ್ಟಿದೆ. (ಈ ತತ್ವವನ್ನು ಹೆಂಡತಿಯ ವಿಷಯಕ್ಕೆ ಅವನು ಅನ್ವಯಿಸಿಲ್ಲ. ಜೀವದ ಮೇಲೆ ಆಸೆ ಇದೆ.)

ಹಾಗಾಗಿ ಕೇಬಲನ್ನು ತಾನೇ ಕಟ್ಟುವುದೆಂದು ಮಹಾಸಂಕಲ್ಪವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಂತಿ ಬಂತು. ಬಂಗಾರದ ಬಣ್ಣದ ಪಿನ್ನು ಬಂತು. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಬಂದು ಊಟದ ಮೇಜಿನ ಮೇಲೆ ಕೂತಿತು, ಊಟ ಎದ್ದು ನೆಲಕ್ಕೆ ಹೋಯಿತು. ನಾಲ್ಕು ತಂತಿಗಳ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ನಾಲಿಗೆ ಹೊರಗೆ ಚಾಚಿ, ಚಿಕ್ಕಪ್ಪ ಜಡೆ ಹೆಣೆಯಲು ನಿಂತ.

"ಹೆಣ್ಣುಮಕ್ಕಳಿಲ್ಲದ ಮನೆ ಅಂತ ಕೊರಗ್ತಿದ್ದೆ" ಎಂದಳು ಅಜ್ಜಿ. "ಜಡೆ ಹಾಕೋ ಆಸೆ ಹೀಗೆ ತೀರಿಸ್ಕೊಳ್ತಿದ್ದಾನೆ ಪಾಪ."

"ಒಂದು ದಿನ ನನ್ನ ಜಡೆಗೆ ಒಂದು ಪಿನ್ನು ಸಿಕ್ಕಿಸಿಕೊಟ್ಟೋರಲ್ಲ ಅತ್ತೆ" ಎಂದಳು ಚಿಕ್ಕಮ್ಮ.

ಈ ಕೆಲಸದಲ್ಲಿ ಒಂದು ಪೀಡೆ ಇದೆ. ಪಿನ್ನಿನ ಮೇಲೆ ಮುಚ್ಚುವ ಕೊಳವೆಯನ್ನು ಮೊದಲೇ ತಂತಿಗೆ ಪೋಣಿಸಿಟ್ಟು ಆಮೇಲೆ ಸಾಲ್ಡರ್ ಮಾಡಬೇಕು. ಮಾಡಿಬಿಟ್ಟ ಮೇಲೆ ಬ್ರಹ್ಮ ಬಂದರೂ ಅದು ಒಳಗೆ ಹೋಗದು. ಚಿಕ್ಕಪ್ಪ ಮರೆತ. ಬಿಚ್ಚಿದ. ಮತ್ತೆ ಕೂತ, ಈ ಸಲ ಮರೆಯಲಿಲ್ಲ, ತಲೆಕೆಳಗಾಗಿ ಪೋಣಿಸಿದ. ಬಿಚ್ಚಿದ. ಆಮೇಲೆ ಸರಿಯಾಗಿ ಪೋಣಿಸಿದ, ಆದರೆ ಅಷ್ಟರಲ್ಲಿ ತಾಳ್ಮೆಯ ಜೊತೆ ಬೆಸುಗೆಯ ಸೀಸವೂ ಮುಗಿಯುತ್ತ ಬಂದಿತ್ತು. ನಾಲ್ಕರಲ್ಲಿ ಎರಡು ತಂತಿಗಳು ಹಾಡನ್ನು ಕಿವಿಗಳಿಗೆ ಹೊತ್ತೊಯ್ಯುತ್ತವೆ. ಉಳಿದೆರಡು ಕರೆಂಟನ್ನು ವಾಪಸು ತರುತ್ತವೆ. ಅವೆರಡನ್ನೂ ಸೇರಿಸಿ ಪಿನ್ನಿನ ಬುಡಕ್ಕೆ ಅಂಟಿಸಬೇಕು. ಆ ಕೊನೆಯ ಬೆಸುಗೆ ಅಂಟಿದ ಹಾಗೆ ಕಂಡಿತು. ಚಿಕ್ಕಪ್ಪ ಅದನ್ನು ನಂಬಿದ.

ಹಾಕಿಕೊಂಡು ಕೇಳಿದವನ ಕಣ್ಣು ಅಷ್ಟಗಲವಾಯಿತು. "ಬಯಲು ಕಣೇ, ಬಯಲು. ಪಿಟೀಲು ಅಡುಗೆಮನೇಲಿದೆ, ಡ್ರಮ್ಮು ಗೇಟಿನ ಹತ್ತಿರ ಇದೆ. ನಡುವೆ ಎಷ್ಟು ಜಾಗ ಅಂತೀಯ, ಸೈಟು ಮಾರಬಹುದು."

ಅದೇ ಸಂಜೆ ಚಿಕ್ಕಮ್ಮನ ಹಾಡು ಬಂತು. ಅವಳ ಶಾಲೆಯ ಟೀಚರುಗಳದ್ದೊಂದು ಗಾನತಂಡ. ಮುಂದೆ ನಿಂತು ಹಾಡುವವಳು ಚಿಕ್ಕಮ್ಮ, ಹಿಂದೆ ವಾದ್ಯದವರು. ಮೊದಲ ಬಾರಿಗೆ ಸ್ಟುಡಿಯೋದಲ್ಲಿ ಹಾಡಿ ಬಂದಿದ್ದಳು. ಅವಳು ಒಮ್ಮೆ ಕೇಳಿ ಸರಿ ಎಂದರೆ ಇಡೀ ಶಾಲೆಗೆ ಹಂಚುವವರಿದ್ದರು. ಫೋನಿನಲ್ಲೇ ಹಾಕಲು ಹೊರಟವಳ ಕೈಯನ್ನು ಚಿಕ್ಕಪ್ಪ ತಡೆದ. "ಫೋನಿನ ಸ್ಪೀಕರಲ್ಲಿ ಕೇಳೋದು ಪಾಪ. ಮೊದಲು ನಾನು ಕೇಳ್ತೀನಿ, ಕೊಡು."

"ಮದುವೆಯಾದಾಗಿಂದ ನಾನು ಹೇಳಿದ್ದೇ ಕೇಳಿಲ್ಲ, ಹಾಡಿದ್ದು ಕೇಳ್ತೀರಾ?" ಎಂದಳಾದರೂ ಮುಖ ಅರಳಿತು. ಬೆತ್ತದ ಮೋಡಾ ಎಳೆದುಕೊಂಡು ಎದುರಿಗೇ ಕೂತಳು.

ಚಿಕ್ಕಪ್ಪ ಕೇಳಿದ. ಪಿಟೀಲು ಬಂತು. ಕೊಳಲು ಬಂತು. ಹಾಡು ಮುಗಿಯಿತು. ಚಿಕ್ಕಮ್ಮ ಬರಲಿಲ್ಲ. ಮತ್ತೊಮ್ಮೆ ಹಾಕಿದ. ಎಲ್ಲೋ ಬಾವಿಯ ತಳದಿಂದ ಯಾರೋ ನಿಟ್ಟುಸಿರಿಟ್ಟ ಹಾಗಾಯಿತೇ ಹೊರತು ಹೆಂಡತಿ ಪತ್ತೆಯಿಲ್ಲ.

"ಏನ್ರೀ, ಅಷ್ಟು ಕೆಟ್ಟದಾಗಿದೆಯಾ?"

"ನೀನೇ ಇಲ್ವಲ್ಲೇ ಇದರಲ್ಲಿ."

ಅವಳು ಕಿತ್ತುಕೊಂಡು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಸಪ್ಪಗಾಯಿತು. "ಹಾಡೋವಾಗ ಆ ಸ್ಟುಡಿಯೋದವನು ಪದೇ ಪದೇ ಆಕಳಿಸ್ತಿದ್ದ" ಎಂದಳು ಮೆಲ್ಲಗೆ. "ನನ್ನ ದನೀನೇ ತೆಗೆದುಬಿಟ್ಟಿದ್ದಾನೆ. ಬಿಡಿ, ತಂಡಕ್ಕೆ ನಾಳೆಯಿಂದ ಬರಲ್ಲ ಅಂತ ಹೇಳ್ತೀನಿ."

ಚಿಕ್ಕಪ್ಪನ ಕಿವಿ ಕೆಂಪಾಯಿತು. ತನ್ನ ಹೆಂಡತಿಯನ್ನು ಸುಮ್ಮನಾಗಿಸುವ ಕೆಲಸ ತನ್ನಿಂದಲೇ ಆಗಿಲ್ಲ, ಯಾವನೋ ಒಬ್ಬ ಗುಂಡಿ ಒತ್ತಿ ಮಾಡಿಬಿಡುವುದೇ? "ನಡಿ" ಎಂದ. ಹೆಡ್‌ಫೋನನ್ನು ಸಾಕ್ಷಿಯಾಗಿ ಕೊರಳಿಗೆ ಹಾಕಿಕೊಂಡು, ಬಸ್ಸಿಗೂ ಕಾಯದೆ, ದಾರಿಯುದ್ದಕ್ಕೂ ಭಾಷಣ ತಯಾರಿಸುತ್ತ ನಡೆದ. ಚಿಕ್ಕಮ್ಮ ಹಿಂದೆ ಹಿಂದೆ, "ಜಗಳ ಬೇಡ ರೀ" ಎನ್ನುತ್ತ, ಆದರೆ ಹೆಜ್ಜೆಯನ್ನೇನೂ ನಿಧಾನ ಮಾಡದೆ.

ಸ್ಟುಡಿಯೋ ಎಂದರೆ ನೆಲಮಾಳಿಗೆಯ ಒಂದು ರೂಮು, ಗೋಡೆಗೆಲ್ಲ ಸ್ಪಂಜು. ಕುರ್ಚಿಯಲ್ಲಿ ತಿರುಗುತ್ತಿದ್ದ ಗುಂಗುರು ಕೂದಲಿನವನ ಮುಂದೆ ಚಿಕ್ಕಪ್ಪ ಗುಡುಗಿದ.

"ಏನ್ರೀ, ಹಾಡುಗಾರ್ತಿ ಇಲ್ಲದ ಹಾಡು ಮಾಡಿ ಕಳಿಸ್ತೀರಲ್ಲ, ನಿಮಗೇನು ಮಾನ ಮರ್ಯಾದೆ ಇದೆಯಾ? ಪಿಟೀಲಿನ ಕೂದಲು ಕೂದಲೂ ಕೇಳ್ಸುತ್ತೆ, ನನ್ನ ಹೆಂಡತಿ ಎಲ್ಲಿ?"

"ನಿಮ್ಮ ಪಕ್ಕದಲ್ಲೇ ಇದಾರಲ್ಲ ಸಾರ್."

"ತಮಾಷೆ ಬೇಡ. ಹಾಡಲ್ಲಿ ಎಲ್ಲಿ?"

ಅವನು ಕುರ್ಚಿಯನ್ನು ಮೇಜಿನತ್ತ ತಿರುಗಿಸಿದ. ಗೋಡೆಯ ಸ್ಪೀಕರಿನಲ್ಲಿ ಹಾಡು ಹಾಕಿದ. ಮೊದಲ ಸಾಲಿಗೇ ಚಿಕ್ಕಮ್ಮನ ದನಿ ರೂಮು ತುಂಬಿ ನಿಂತಿತು, ಶುಭ್ರವಾಗಿ, ಎದುರಿಗೇ. ಚಿಕ್ಕಮ್ಮ ತನ್ನ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡಳು. ಚಿಕ್ಕಪ್ಪ ತನ್ನದನ್ನು ಮುಚ್ಚುವುದು ಮರೆತ.

ಗುಂಗುರು ಕೂದಲಿನವನು ಚಿಕ್ಕಪ್ಪನ ಕೊರಳಿಂದ ಹೆಡ್‌ಫೋನು ತೆಗೆದು ಸಿಕ್ಕಿಸಿ ಕೇಳಿದ. ಕೊಳವೆ ತಿರುಗಿಸಿ ಬಿಚ್ಚಿದ. ನಕ್ಕ. "ಯಾರು ಸಾರ್ ಇದನ್ನ ಸಾಲ್ಡರ್ ಮಾಡಿದ್ದು? ಬುಡಕ್ಕೆ ಅಂಟೇ ಇಲ್ಲ. ಹೀಗಾದ್ರೆ ಎರಡೂ ಕಿವಿಗೆ ಸಮವಾಗಿ ಬರೋ ದನಿ ಒಂದನ್ನೊಂದು ಹೊಡೆದು ಹಾಕುತ್ತೆ. ಹಾಡೋರನ್ನ ನಾವು ನಟ್ಟನಡುವೆ ನಿಲ್ಲಿಸಿರ್ತೀವಿ, ಮೊದಲು ಸಾಯೋದು ಅವರೇ."

ಚಿಕ್ಕಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಅಂದ್ರೆ ಊಟದ ಮೇಜು ಹಿಡ್ಕೊಂಡು ಕೂತು ಇಷ್ಟು ದಿನ ನನ್ನ ದನಿ ಅಡಗಿಸೋ ಯಂತ್ರ ಮಾಡ್ತಿದ್ರಾ?"

"ಬೇಕಂತ ಮಾಡಿದ್ದಲ್ಲ ಕಣೇ."

"ಅದು ಗೊತ್ತು. ಬೇಕಂತ ಮಾಡಿದ್ರೆ ನಿಮ್ಮ ಕೈಲಿ ಆಗ್ತಿತ್ತಾ?"

"ಕೊಡಿ ಇಲ್ಲಿ, ಒಂದು ಚುಕ್ಕಿ ಸೀಸ ಹಾಕಿ ಸರಿ ಮಾಡ್ಬಿಡ್ತೀನಿ" ಎಂದು ಚಿಕ್ಕಪ್ಪ ಕೈ ಚಾಚಿದ. ಆದರೆ ಅಷ್ಟರಲ್ಲಿ ಚಿಕ್ಕಮ್ಮ ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿದ್ದಳು. ಅವಳ ಕಾಲ್ಬೆರಳು ತಾಳ ಹಾಕತೊಡಗಿತು. ಪಿಟೀಲು, ಕೊಳಲು, ನಡುವೆ ಖಾಲಿ ಜಾಗ. ಆ ಜಾಗದಲ್ಲಿ ನಿಂತು ಅವಳು ಗಟ್ಟಿಯಾಗಿ ಹಾಡತೊಡಗಿದಳು, ವಾದ್ಯದವರೆಲ್ಲ ಅವಳೊಬ್ಬಳಿಗಾಗಿ ಬಂದು ಕೂತ ಹಾಗೆ. ಹಾಡು ಮುಗಿಸಿ ಹೇಳಿದಳು, "ಇದನ್ನ ಮುಟ್ಟಿದ್ರೆ ನೋಡಿ. ಅಭ್ಯಾಸಕ್ಕೆ ಇಂಥದ್ದೇ ಬೇಕಾಗಿತ್ತು ನಂಗೆ."

ಹೆಡ್‌ಫೋನು ಅವಳ ಪಾಲಾಯಿತು. ಮಾತು ತಂಡಕ್ಕೆ ಮುಟ್ಟಿತು. ಹಾಡುವ ಆಸೆಯಿದ್ದ ಟೀಚರುಗಳೆಲ್ಲ ತಮಗೂ ಅಂಥದ್ದೇ ಬೇಕೆಂದು ತಮ್ಮ ತಮ್ಮ ಹೆಡ್‌ಫೋನು ಹಿಡಿದು ಮನೆಗೆ ಬರತೊಡಗಿದರು. ಈಗ ಚಿಕ್ಕಪ್ಪ ಅಂಗಡಿ ಮುಚ್ಚಿ ಬಂದವನೇ ಬೆಳ್ಳಿ ಲೇಪದ ತಂತಿ ಹೆಣೆಯುತ್ತಾನೆ, ಕೊಳವೆ ಮರೆಯದೆ ಪೋಣಿಸುತ್ತಾನೆ, ಕೊನೆಯ ಬೆಸುಗೆಯ ಹತ್ತಿರ ಬಂದು ಹಲ್ಲು ಕಚ್ಚಿ ಕೈ ಹಿಂದೆಗೆಯುತ್ತಾನೆ. ಲೋಕದಲ್ಲಿ ಕೆಟ್ಟ ಕೇಬಲನ್ನು ಇಷ್ಟು ಶ್ರದ್ಧೆಯಿಂದ ಕಟ್ಟುವ ಶಿಕ್ಷೆ ಯಾವ ಗಂಡನಿಗೂ ಬಂದಿರಲಾರದು ಎಂದು ಒಳಗೊಳಗೇ ಕುದಿಯುತ್ತಾನೆ.

ಒಮ್ಮೆ ಸ್ವಾಭಿಮಾನ ತಡೆಯಲಿಲ್ಲ. ಗಣಿತದ ಟೀಚರ ಕೇಬಲಿಗೆ ಆ ಕೊನೆಯ ಬೆಸುಗೆಯನ್ನೂ ಹಾಕಿದ. ಮುತ್ತಿನಂಥ ಬೆಸುಗೆ, ಅವನ ಜೀವಮಾನದ ಶ್ರೇಷ್ಠ ಕೃತಿ. ಮರುದಿನವೇ ಆಕೆ ಬಾಗಿಲಲ್ಲಿ ನಿಂತಿದ್ದರು.

"ಸಾರ್, ಇದು ಕೆಟ್ಟಿದೆ. ಒಳಗೆ ಯಾರೋ ಹಾಡ್ತಿದಾರೆ."

"ಬೇಜಾರು ಮಾಡ್ಕೋಬೇಡಿ ಮಿಸ್, ಇವರಿಗೆ ಒಂದೊಂದ್ಸಲ ಕೈ ತಪ್ಪುತ್ತೆ" ಎಂದು ಚಿಕ್ಕಮ್ಮ ಅದನ್ನು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದು, ಎರಡನ್ನೂ ಚಿಕ್ಕಪ್ಪನ ಮುಂದೆ ಇಟ್ಟಳು. "ಸರಿ ಮಾಡ್ಕೊಡಿ."